ನೀಲಿ ಹಾಕಿದ ಬಿಳಿ

ನಾನು ಹುಟ್ಟಿದ್ದು ಇಟ್ಟಿಗೆಗೆಂಪು ಮುಗಿಯುತ್ತಿದ್ದ ವಾರದಲ್ಲಿ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಇಟ್ಟಿಗೆಗೆಂಪಿನ ಕಾರು. ನನ್ನನ್ನು ಮಡಿಲಲ್ಲಿಟ್ಟುಕೊಂಡು ಅವಳು ವಾಪಸ್ಸು ಬಂದದ್ದು ಗಿಳಿಹಸಿರಿನ ಕಾರಿನಲ್ಲಿ. ಕಾರು ಒಂದೇ, ಓಡಿಸಿದವರೂ ಒಬ್ಬರೇ. ನಡುವಿನ ಒಂಬತ್ತು ದಿನಗಳಲ್ಲಿ ಬಣ್ಣ ತಿರುಗಿತ್ತು. ನಮ್ಮೂರಲ್ಲಿ ವಯಸ್ಸನ್ನು ಹೀಗೇ ಹೇಳುವುದು. ಹೆಣ್ಣು ನೋಡಲು ಬಂದವರು ಕೂಡ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ "ಹುಡುಗಿ ಮೊದಲನೇ ಬದನೆಕಾಯಿಗೆ ಮುಂಚೆಯೋ ಆಮೇಲೋ?" ಎಂದು ವಿಚಾರಿಸುತ್ತಾರೆ.

ಬಣ್ಣ ತಿರುಗಿದ ದಿನ ಹೊಸ ಬಣ್ಣದವನ್ನು ಬಿಟ್ಟು ಉಳಿದ ಕಾರುಗಳೆಲ್ಲ ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಕಾರು ಎಲ್ಲಿಗೂ ಹೋಗಿರುವುದಿಲ್ಲ. ಮನೆ ಮುಂದೆ ನಿಂತೇ ಇರುತ್ತದೆ, ಕೈಯಿಟ್ಟರೆ ಬಾನೆಟ್ಟು ಬಿಸಿಲಿಗೆ ಕಾದಿರುವುದು ಗೊತ್ತಾಗುತ್ತದೆ, ಬಾಗಿಲು ತೆಗೆದು ಒಳಗೆ ಕೂತರೆ ಸೀಟೂ ಸ್ಟೇರಿಂಗೂ ಎಂದಿನಂತೆ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಮಾತ್ರ ಅದರ ಹಿಂದಿನ ಗೋಡೆ ಕಾಣುತ್ತದೆ. ಸೀರೆಗೆ, ಬಾಗಿಲಿಗೆ, ಬಸ್ಸಿಗೆ, ಸ್ಕೂಟರಿಗೆ ಈ ಕಾಟವಿಲ್ಲ. ಹೊಸ ಬಣ್ಣ ಹೊಡೆಸಲು ಹದಿನೈದು ದಿನದ ಗಡುವು. ಅಲ್ಲಿಯವರೆಗೆ ಕಾರು ಹೊರಗೆ ತೆಗೆಯಬೇಕಾದರೆ ಮನೆಯವರೊಬ್ಬರು ಗಂಟೆ ಹಿಡಿದುಕೊಂಡು ಮುಂದೆ ನಡೆಯಬೇಕು. ನಿಲ್ಲಿಸಿದಲ್ಲಿ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಕೆಲವರು ಹಳೇ ಬೆಡ್‌ಶೀಟ್ ಹೊದಿಸುತ್ತಾರೆ. ಆ ಹದಿನೈದು ದಿನ ನಮ್ಮ ಬೀದಿಗಳನ್ನು ನೋಡಬೇಕು: ನೆಲದಿಂದ ಮೂರಡಿ ಮೇಲೆ ಗಾಳಿಯಲ್ಲಿ ಬೆಕ್ಕೊಂದು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಕಿಟಕಿಯಿಂದ ಹೊರಚಾಚಿದ ಮೊಣಕೈಯೊಂದು ತಾನಾಗಿ ತೇಲಿಕೊಂಡು ಮಾರ್ಕೆಟ್ಟಿನ ಕಡೆ ಹೋಗುತ್ತದೆ.

ಹೋದ ಬಣ್ಣ ಎಷ್ಟೋ ವರ್ಷದ ಮೇಲೆ ತಿರುಗಿ ಬರುವುದೂ ಉಂಟು. ಎರಡನೇ ಬದನೆಕಾಯಿ ಬಂದ ಬೆಳಿಗ್ಗೆ ಹೈಸ್ಕೂಲಿನ ಮೈದಾನದಲ್ಲಿ ಎಲ್ಲರೂ ಮರೆತಿದ್ದ ಕಾರೊಂದು ಎದ್ದು ನಿಂತಿತ್ತು, ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿಯ ಸಮೇತ. ಆ ಜಾಗಕ್ಕೆ ಹೊಡೆದ ಚೆಂಡು ಅಷ್ಟು ವರ್ಷ ಯಾಕೆ ವಾಪಸ್ಸು ಬರುತ್ತಿತ್ತು ಎನ್ನುವುದು ಅವತ್ತು ಗೊತ್ತಾಯಿತು.

ಬಿ.ಎ. ಮುಗಿಸಿ ನಾನು ಎರಡು ವರ್ಷ ಮನೆಯಲ್ಲಿದ್ದೆ. ಇಂಟರ್‌ವ್ಯೂಗೆ ಹೋದ ಕಡೆಯಲ್ಲೆಲ್ಲ ಹೆಸರು ಕೇಳಿದರೆ ನೆಲ ನೋಡುತ್ತಿದ್ದೆ. ವಾರಿಜ ಎನ್ನುವ ಮೂರು ಅಕ್ಷರ ಹೊರಡುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿರುತ್ತಿದ್ದರು. ಮಾತಾಡಲು ಬಾರದ್ದನ್ನೆಲ್ಲ ಒಂಬತ್ತನೇ ಕ್ಲಾಸಿನಿಂದಲೂ ಡೈರಿಯಲ್ಲಿ ಬರೆಯುತ್ತಿದ್ದೆ. ತಲೆ ತಗ್ಗಿಸಿ ನಡೆಯುವವಳಿಗೆ ಜನರ ಮುಖಗಳಿಗಿಂತ ಸೆರಗಿನ ಅಂಚು, ಚಪ್ಪಲಿಯ ಪಟ್ಟಿ, ಕೈಚೀಲಗಳೇ ಹೆಚ್ಚು ಕಾಣುತ್ತವೆ. ಅವೇ ನನ್ನ ಡೈರಿಯಲ್ಲಿ ತುಂಬಿದ್ದವು. ಹಿಟ್ಟಿನ ಗಿರಣಿಯಲ್ಲಿ ಅಮ್ಮ ಇದನ್ನೇ ದೂರಿನಂತೆ ಕಾಳಮ್ಮನವರ ಹತ್ತಿರ ಹೇಳಿಕೊಂಡಳಂತೆ. ಎರಡು ದಿನಕ್ಕೆ ಕಾಳಮ್ಮನವರ ಗಂಡ ಮೌನೇಶಾಚಾರ್ರು ನಮ್ಮ ಮನೆಗೇ ಬಂದರು.

ಆಚಾರ್ರೆಂದರೆ ನಮ್ಮೂರಿನ ಕಾರುಗಳಿಗೆ ಬಣ್ಣ ಹೊಡೆಯುವವರು ಮಾತ್ರವಲ್ಲ, ಮುಂದೆ ಬರುವ ಬಣ್ಣ ಯಾವುದೆಂದು ಮೊದಲೇ ಹೇಳುವವರು. ಮೂವತ್ತೊಂದು ವರ್ಷ ಒಂದು ಸಲವೂ ಅವರ ಮಾತು ತಪ್ಪಿರಲಿಲ್ಲ. ಅಂಥವರು ನಮ್ಮ ಚಾಪೆಯ ಮೇಲೆ ಕೂತು, "ಏನಮ್ಮ, ಹೋದ ದಸರೆಯಲ್ಲಿ ಎದುರುಮನೆಯವರು ಬಾಗಿಲಿಗೆ ಯಾವ ಬಣ್ಣದ ಪರದೆ ಕಟ್ಟಿದ್ರು?" ಎಂದು ಕೇಳಿದರು.

"ಸಾಸಿವೆ," ಎಂದೆ ನೆಲ ನೋಡುತ್ತ. "ಕೆಳಗಡೆ ಒಂದು ಗೇಣು ಮಾಸಿತ್ತು. ಮಾಸಿದ್ದು ಮೆಂತ್ಯದ ಥರ ಕಾಣ್ತಿತ್ತು."

ಆಚಾರ್ರು ತೊಡೆ ತಟ್ಟಿಕೊಂಡರು. ಆ ದಸರೆಯ ಬೆನ್ನಿಗೇ ಊರಿನ ಕಾರುಗಳಿಗೆ ಬಂದದ್ದು ಮೆಂತ್ಯದ ಬಣ್ಣವೇ. ಅಮ್ಮ ಮಾತ್ರ ಮುಖ ಸಿಂಡರಿಸಿ, "ಡಿಗ್ರಿ ಓದಿದ ಹುಡುಗಿ ನಿಮ್ಮ ಶೆಡ್ಡಲ್ಲಿ ಡಬ್ಬ ಕಲಸಬೇಕಾ ಆಚಾರ್ರೇ?" ಎಂದಳು. "ಡಬ್ಬ ನಾನು ಕಲಸ್ತೀನಿ ತಾಯಿ. ಇವರು ಬರೀಲಿ," ಎಂದರು ಆಚಾರ್ರು. ಹಾಗೆ ನನಗೆ ಕೆಲಸ ಸಿಕ್ಕಿತು.

ಕೆಲಸ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರೂವರೆಗೆ, ನಡಿಗೆಯಿಂದ. ಆಚಾರ್ರು ಅದನ್ನು 'ಬಣ್ಣ ನೋಡೋದು' ಎನ್ನುತ್ತಿದ್ದರು. ಅವರು ಮುಂದೆ, ಶೆಡ್ಡಿನ ಉದ್ದನೆಯ ಪುಸ್ತಕ ಹಿಡಿದು ನಾನು ಹಿಂದೆ. ಕಾರುಗಳ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಣಹಾಕಿದ ಬಟ್ಟೆ, ಶಾಲೆಗೆ ಹೊರಟ ಮಕ್ಕಳ ರಿಬ್ಬನ್ನು, ಟೈಲರ್ ಅಂಗಡಿಯ ಹೊರಗೆ ಗುಡಿಸಿ ಹಾಕಿದ ಚೂರು ಬಟ್ಟೆ, ಬಳೆ ಅಂಗಡಿಯಲ್ಲಿ ಯಾವ ಗೂಟ ಖಾಲಿಯಾಗಿದೆ ಎನ್ನುವುದು, ಇವನ್ನು ನೋಡುತ್ತಿದ್ದರು. "ಬಣ್ಣ ಮೊದಲು ಸಣ್ಣ ಸಾಮಾನಿಗೆ ಹತ್ತುತ್ತೆ ಕಣಮ್ಮ," ಎನ್ನುತ್ತಿದ್ದರು. "ಗುಂಡಿಗೆ, ಟೇಪಿಗೆ, ಊಟದ ಡಬ್ಬಿ ಮುಚ್ಚಳಕ್ಕೆ. ನಾಲ್ಕು ದುಡ್ಡಿನ ಸಾಮಾನು ತಗೊಳೋವಾಗ ಮನುಷ್ಯ ಹೆಚ್ಚು ಯೋಚನೆ ಮಾಡಲ್ಲ, ಮನಸ್ಸಿಗೆ ಬಂದದ್ದನ್ನ ಎತ್ಕೊಂಡುಬಿಡ್ತಾನೆ. ಅಲ್ಲಿಂದ ಕಿಟಕಿ ಬಾಗಿಲಿಗೆ ಹತ್ತುತ್ತೆ. ಕಾರಿಗೆ ಬರೋ ಹೊತ್ತಿಗೆ ಊರಿಗೆಲ್ಲ ಅದು ತಮ್ಮದೇ ಆಸೆ ಅನ್ನಿಸಿರುತ್ತೆ." ಅವರು ನಿಂತು ಒಂದು ಬಣ್ಣದ ಹೆಸರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ತಿಂಗಳುಗಟ್ಟಲೆ ಹೀಗೆ ಬರೆದ ಮೇಲೆ ಯಾವ ಹೆಸರು ಹೆಚ್ಚು ಬಂದಿದೆಯೋ ಅದೇ ಬರುವ ಬಣ್ಣ.

ಆ ನಡಿಗೆಗಳಲ್ಲಿ ನನಗೆ ನಮ್ಮೂರು ಮೊದಲ ಸಲ ಕಂಡಿತು ಎಂದರೆ ಸುಳ್ಳಲ್ಲ. ಬದನೆಕಾಯಿ ಎಂದರೆ ಒಂದು ಬಣ್ಣವಲ್ಲ, ತೊಟ್ಟಿನ ಹತ್ತಿರ ಒಂದು, ಹೊಟ್ಟೆಯ ಹತ್ತಿರ ಇನ್ನೊಂದು ಎಂದು ಅವರೇ ತೋರಿಸಿದ್ದು. ಮಧ್ಯಾಹ್ನ ಶೆಡ್ಡಿನಲ್ಲಿ ಅವರು ಕೆಲಸ ಮಾಡುವುದನ್ನು ನೋಡುತ್ತ ಕೂರುತ್ತಿದ್ದೆ. ವಾಟರ್ ಪೇಪರಿನಲ್ಲಿ ಹಳೇ ಬಣ್ಣ ಉಜ್ಜಿ ತೆಗೆದು, ತಗ್ಗಿಗೆ ಪುಟ್ಟಿ ತುಂಬಿ, ಅಂಗೈ ಸವರಿ ನೋಡುತ್ತಿದ್ದರು. ಕಣ್ಣಿಗೆ ನಯವಾಗಿ ಕಂಡದ್ದನ್ನು ಅಂಗೈ ಒಪ್ಪದಿದ್ದರೆ ಮತ್ತೆ ಉಜ್ಜುವುದು. ಆಮೇಲೆ ಬಣ್ಣ ಚಿಮ್ಮಿಸುವ ಗನ್ ಹಿಡಿದು ಒಂದೇ ಉಸಿರಿನಲ್ಲಿ ಬಾಗಿಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು. ಉಸಿರು ಬಿಡುವುದು ಆ ತುದಿಯಲ್ಲಿ. ನೋಡುತ್ತ ನೋಡುತ್ತ ನನಗೇ ಉಸಿರು ಕಟ್ಟಿರುತ್ತಿತ್ತು.

ಶೆಡ್ಡಿಗೆ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಚಂಪಕ್ಕ. ಊರಿಗಿದ್ದ ಒಂದೇ ಒಂದು ಆಂಬುಲೆನ್ಸ್ ಓಡಿಸುವವಳು. ಬೇರೆ ಕಾರುಗಳು ಹದಿನೈದು ದಿನ ಗಂಟೆ ಬಾರಿಸಿಕೊಂಡು ಓಡಾಡಬಹುದು, ಆಂಬುಲೆನ್ಸಿಗೆ ಅದು ಆಗದು. ಅದಕ್ಕೇ ಅದಕ್ಕೊಂದು ಪದ್ಧತಿ. ಬಣ್ಣ ತಿರುಗುವುದಕ್ಕೆ ವಾರವಿದೆ ಎನ್ನುವಾಗ ಆಚಾರ್ರು ವ್ಯಾನಿನ ಬಲ ಅರ್ಧಕ್ಕೆ, ಬಾನೆಟ್ಟಿನ ನಡುಮಧ್ಯದಿಂದ ಹಿಂದಿನವರೆಗೆ, ಬರುವ ಬಣ್ಣ ಹೊಡೆಯುತ್ತಿದ್ದರು. ತಿರುಗುವ ತನಕ ಬರುವ ಬಣ್ಣ ಮಸುಕಾಗಿ ಕಾಣುವುದರಿಂದ ಎಡ ಅರ್ಧ ಇರುವ ಬಣ್ಣದಲ್ಲೇ ಇರುತ್ತಿತ್ತು. ತಿರುಗಿದ ಗಳಿಗೆಯಲ್ಲಿ ಎಡ ಅರ್ಧ ಹೋದರೂ ಬಲ ಅರ್ಧ ಕಾಣುತ್ತಿರುತ್ತದೆ. ಅರ್ಧ ವ್ಯಾನು ಬಂದರೆ ಪೂರ್ತಿ ವ್ಯಾನಿನಷ್ಟು ದಾರಿ ಬಿಡಬೇಕೆಂದು ನಮ್ಮೂರಲ್ಲಿ ಮಗುವಿಗೂ ಗೊತ್ತು. ಹಿಂದೊಮ್ಮೆ ಯಾರೋ ಜಾಣರು ಏಳು ಬಣ್ಣದ ಪಟ್ಟೆ ಬಳಿಸಿ ನೋಡಿದ್ದರಂತೆ. ಎರಡಕ್ಕಿಂತ ಹೆಚ್ಚು ಬಣ್ಣ ಒಂದು ಗಾಡಿಗೆ ನಿಲ್ಲದು, ಒಂದು ಗಂಟೆಯಲ್ಲಿ ಇಡೀ ವ್ಯಾನೇ ಮಾಯವಾಯಿತಂತೆ.

ಆದರೆ ಬರುವ ಬಣ್ಣದ ಲೆಕ್ಕ ತಪ್ಪಿದರೆ ಎರಡು ಅರ್ಧವೂ ಕಾಣುವುದಿಲ್ಲ. ಆಚಾರ್ರ ಅಪ್ಪನ ಕಾಲದಲ್ಲಿ ಹಾಗೆ ಆಗಿತ್ತು. ಅವರು ಹವಳ ಎಂದರು, ಬಂದದ್ದು ತಾಮ್ರ. ಆ ಬೆಳಿಗ್ಗೆ ವ್ಯಾನು ಸೇತುವೆಯ ಮೇಲಿತ್ತು. ಸೈರನ್ ಕೇಳಿಸಿದರೂ ಎತ್ತ ಕಡೆಯಿಂದ ಬರುತ್ತಿದೆಯೆಂದು ತಿಳಿಯದೆ ಜನ ನಡುರಸ್ತೆಯಲ್ಲೇ ನಿಂತರು, ಎದುರಿನಿಂದ ಲಾರಿ ಬಂತು. ಅವತ್ತು ವ್ಯಾನು ಓಡಿಸುತ್ತಿದ್ದ ಚಂಪಕ್ಕನ ಅಪ್ಪ ಒಂದು ಕಾಲು ಕಳೆದುಕೊಂಡರು. ಒಳಗಿದ್ದ ರೋಗಿ ಉಳಿಯಲಿಲ್ಲ. ಚಂಪಕ್ಕ ಇದನ್ನು ನಗುತ್ತಲೇ ಎತ್ತಿ ಆಡುತ್ತಿದ್ದಳು. ಚಹಾ ಲೋಟ ಕೈಗೆ ಬಂದ ಕೂಡಲೇ, "ನಮ್ಮಪ್ಪನ ಒಂದು ಕಾಲನ್ನ ನಿಮ್ಮಪ್ಪ ತಿಂದ್ರು. ನನ್ನೆರಡು ಕಾಲು ನಿಮ್ಮ ಕೈಲಿದೆ, ಜೋಪಾನ ಆಚಾರ್ರೇ," ಎನ್ನುತ್ತಿದ್ದಳು. ಆಚಾರ್ರು ನಗುತ್ತಿರಲಿಲ್ಲ. "ಹ್ಞೂ ಕಣಮ್ಮ," ಎನ್ನುತ್ತಿದ್ದರು, ಪ್ರತಿ ಸಲ, ಆಗಷ್ಟೇ ಮೊದಲ ಬಾರಿ ಕೇಳಿದವರಂತೆ.

ಯುಗಾದಿ ಆದ ಮೇಲೆ ಮೆಂತ್ಯದ ಬಣ್ಣ ಹಳಸಲು ಶುರುವಾಯಿತು. ನಾವು ದಿನಾ ಹೋಗುತ್ತಿದ್ದೆವು. ಶಾಲೆಯ ಗೇಟಿನ ಹತ್ತಿರ ಐದು ಡಬ್ಬಿಯ ಮುಚ್ಚಳ ತೋರಿಸಿ ಆಚಾರ್ರು "ಬೂದಿ" ಎಂದರು. ಶೆಡ್ಡಿನ ಪುಸ್ತಕದಲ್ಲಿ ಬೂದಿ ಎಂದು ಬರೆದೆ. ನನಗೆ ಕಂಡದ್ದು ಬೇರೆ. ಒಗೆದ ಬಿಳಿ ಪಂಚೆಯನ್ನು ನೀಲಿ ಬೆರೆಸಿದ ನೀರಿಗೆ ಅದ್ದಿ ತೆಗೆದು ನೆರಳಲ್ಲಿ ಹರವಿದಾಗ ಇರುತ್ತದಲ್ಲ, ಆ ಬಣ್ಣ. ನೀಲಿಯಲ್ಲ, ಬಿಳಿಯೂ ಅಲ್ಲ. ಮನೆಗೆ ಬಂದು ನನ್ನ ಡೈರಿಯಲ್ಲಿ ಹಾಗೇ ಬರೆದೆ, ಕೆಳಗೆ 'ನನ್ನ ಕಣ್ಣು ಸರಿಯಿಲ್ಲ' ಎಂದೂ ಬರೆದೆ. ಆಚಾರ್ರ ಕಣ್ಣು ತಪ್ಪುವುದುಂಟೇ? ಮಾರನೇ ದಿನ ಒಂದು ರಿಬ್ಬನ್ನು, ವಾರದೊಳಗೆ ಎರಡು ಕಿಟಕಿ, ಸ್ಟೇಷನರಿ ಅಂಗಡಿಯ ನೋಟ್‌ಬುಕ್ಕಿನ ರಟ್ಟು. ಅವರಿಗೆ ಬೂದಿ, ನನಗೆ ನೀಲಿ ಹಾಕಿದ ಬಿಳಿ. ಎರಡು ತಿಂಗಳಲ್ಲಿ ಎರಡು ಪುಸ್ತಕ ಎರಡು ಊರಿನವಾದವು.

ಅವರಿಗೆ ಒಂದು ಮಾತು ಹೇಳಬಹುದಿತ್ತು. ಬಾಯಿಯ ತನಕ ಬರುತ್ತಿತ್ತು, ಅಲ್ಲಿಂದ ಹಿಂದಕ್ಕೆ ಹೋಗುತ್ತಿತ್ತು. ಮೂವತ್ತೊಂದು ವರ್ಷದ ಕಣ್ಣಿಗೆ ಎರಡು ವರ್ಷ ಮನೆಯಲ್ಲಿ ಕೂತಿದ್ದವಳು ತಿದ್ದುಪಡಿ ಹೇಳುವುದೇ?

ಜೂನ್ ತಿಂಗಳ ಒಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ಆಚಾರ್ರು ನಿಂತು ತಲೆಯೆತ್ತಿದರು. "ಮೋಡ ಕವಿದಿದೆ ನೋಡು ಇವತ್ತು," ಎಂದರು ಖುಷಿಯಿಂದ. "ಆಕಾಶನೂ ಬೂದಿಗೆ ತಿರುಗಿದೆ. ಇನ್ನು ಸಂಶಯ ಇಲ್ಲ, ಚಂಪಕ್ಕಂಗೆ ಹೇಳಿಬಿಡೋಣ. ಭಾನುವಾರ ಡಬ್ಬ ತೆಗೆಯೋದು."

ನಾನೂ ತಲೆಯೆತ್ತಿದೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಕಣ್ಣು ಕುಕ್ಕುವಂಥ ನೀಲಿ. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎರಡೂ ಕಣ್ಣಿನ ಪಾಪೆಯ ಮೇಲೆ ಅನ್ನದ ಗಂಜಿಯಂಥ ತೆಳು ಪರದೆ ಇತ್ತು.

ಭಾನುವಾರಕ್ಕೆ ಮೂರು ದಿನವಿತ್ತು. ಆ ಮೂರು ದಿನದಲ್ಲಿ ಎರಡು ದಿನ ನಾನು ಏನೂ ಮಾಡಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಶುಕ್ರವಾರ ಚಂಪಕ್ಕ ಬಂದು ವ್ಯಾನು ಶೆಡ್ಡಿಗೆ ಬಿಟ್ಟಳು. ಆಚಾರ್ರು ಬಲ ಅರ್ಧ ಉಜ್ಜಿ ಪ್ರೈಮರ್ ಹೊಡೆದರು. "ಬೂದಿ ಅಂತೆ ಕಣೇ ವಾರಿ," ಎಂದು ಅವಳು ನನ್ನ ಜಡೆ ಎಳೆದಳು. "ಸ್ಮಶಾನದ ಕಡೆಯವರು ಅಂತ ರೋಗಿಗಳು ಹತ್ತೋಕೇ ಹೆದರ್ತಾರೇನೋ!" ನಾನು ನಕ್ಕೆ. ಅವಳ ಚಪ್ಪಲಿ ಹಾಕಿದ ಎರಡು ಪಾದ ನೋಡಿದೆ. ಆಮೇಲೆ ಬೇರೆ ಕಡೆ ನೋಡಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ರೆಸರ್ ನಿಂತಿತ್ತು. ಆಚಾರ್ರು ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಕಾಳಮ್ಮನವರು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಬ್ಯಾಗಿನಿಂದ ಡೈರಿ ತೆಗೆದು ಅವರ ಮುಂದೆ ಚಾಚಿದೆ.

"ಏನಮ್ಮ, ರಾಜೀನಾಮೆಯಾ?"

"ಅಲ್ಲ. ಇದನ್ನ... ನೀವು ಓದಬೇಕಿತ್ತು."

ಅವರು ತಗೊಂಡು ಪುಟ ತೆರೆದು, ದೂರ ಹಿಡಿದರು, ಹತ್ತಿರ ಹಿಡಿದರು. ವಾಪಸ್ಸು ಕೊಟ್ಟರು. "ಕನ್ನಡಕ ಒಳಗಿದೆ. ನೀನೇ ಓದು," ಎಂದರು. ಅವರು ಕನ್ನಡಕ ಹಾಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಡೈರಿಯನ್ನು ಇನ್ನೊಬ್ಬರೆದುರು ಗಟ್ಟಿಯಾಗಿ ಓದುವುದಕ್ಕಿಂತ ನಡುಬೀದಿಯಲ್ಲಿ ನಿಂತು ಹಾಡುವುದು ಸುಲಭವಿತ್ತು. ಓದಿದೆ.

"ಏಪ್ರಿಲ್ ಹನ್ನೊಂದು. ಶಾಲೆಯ ಹತ್ತಿರ ಐದು ಡಬ್ಬಿ ಮುಚ್ಚಳ. ಆಚಾರ್ರು ಬೂದಿ ಎಂದರು. ನನಗೆ ನೀಲಿ ಹಾಕಿದ ಬಿಳಿ ಕಂಡಿತು. ನನ್ನ ಕಣ್ಣು ಸರಿಯಿಲ್ಲ. ಏಪ್ರಿಲ್ ಹನ್ನೆರಡು. ರಿಬ್ಬನ್ನು. ಆಚಾರ್ರು ಬೂದಿ ಎಂದರು. ನೀಲಿ ಹಾಕಿದ ಬಿಳಿ. ಏಪ್ರಿಲ್ ಹದಿನೈದು..."

"ಮಧ್ಯೆ ಏನೋ ಬಿಟ್ಟೆ," ಎಂದರು ಆಚಾರ್ರು. "ಓದ್ತಾ ಓದ್ತಾ ಉಸಿರು ಹಿಡಿದೆಯಲ್ಲ. ಬಿಡದೆ ಓದು."

ಕಿವಿಯೆಲ್ಲ ಬಿಸಿಯಾಯಿತು. "ಏಪ್ರಿಲ್ ಹದಿನಾಲ್ಕು. ಬಣ್ಣ ಏನೂ ಇಲ್ಲ. ಆಚಾರ್ರು ಮೂರು ಬಜ್ಜಿ ತಿಂದರು, ಕಾಳಮ್ಮನವರಿಗೆ ಹೇಳಬೇಡ ಎಂದರು. ತಿರುವಿನಲ್ಲಿ ಅವರಿಗಿಂತ ಮೊದಲು ಅವರ ಹೊಟ್ಟೆ ತಿರುಗುತ್ತದೆ."

ಗೋಡೆಯ ಆಚೆ ಪಾತ್ರೆಯ ಸದ್ದು ನಿಂತಿತು. "ಮೂರಾ?" ಎಂದಿತು ಕಾಳಮ್ಮನವರ ದನಿ.

"ಸಣ್ಣವು ಕಣೇ," ಎಂದರು ಆಚಾರ್ರು. ನಗು ಅವರ ಭುಜದಲ್ಲಿ ಕುಲುಕಿ, ನಿಂತುಹೋಯಿತು. ನಾನು ಓದುತ್ತ ಹೋದೆ. ಏಪ್ರಿಲ್ ಮುಗಿಯಿತು, ಮೇ ಮುಗಿಯಿತು. ಪ್ರತಿ ದಿನ ಬೂದಿ, ಪ್ರತಿ ದಿನ ನೀಲಿ ಹಾಕಿದ ಬಿಳಿ, ಪ್ರತಿ ದಿನ ನನ್ನ ಕಣ್ಣು ಸರಿಯಿಲ್ಲ. ಎಲೆ ಅಡಿಕೆ ಅವರ ಬಾಯಲ್ಲಿ ಹಾಗೇ ನಿಂತಿತ್ತು.

"ಆ ನೀರಿನ ಟ್ಯಾಂಕಿನ ದಿನ?" ಎಂದು ಅವರೇ ಕೇಳಿದರು. "ಅವತ್ತು ಏನು ಬರೆದಿದೀಯ?"

"ಆಚಾರ್ರು ಮೋಡ ಎಂದರು," ಓದಿದೆ. "ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ."

ಅವರು ಪ್ರೈಮರ್ ಹೊಡೆದ ವ್ಯಾನಿನ ಕಡೆ ಮುಖ ತಿರುಗಿಸಿದರು. ಆಮೇಲೆ, "ಮುಚ್ಚು. ಮನೆಗೆ ಹೋಗು," ಎಂದರು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಕೆಲಸ ಹೋಯಿತು ಎಂದೆ. "ಒಳ್ಳೇದೇ ಆಯ್ತು, ಥಿನ್ನರ್ ವಾಸನೆ ತಪ್ಪಿತು," ಎಂದು ಅಮ್ಮ ತಲೆಗೆ ಎಣ್ಣೆ ಹಚ್ಚಿದಳು.

ಆದರೂ ಭಾನುವಾರ ಹೋದೆ. ಡಬ್ಬ ತೆಗೆಯುವುದೆಂದರೆ ಊರಿಗೆ ಊರೇ ಬರುತ್ತದೆ. ಶೆಡ್ಡಿನ ಅಂಗಳದ ತುಂಬ ಕಾರು ಇಟ್ಟುಕೊಂಡವರು. ಆಚಾರ್ರು ಎಲ್ಲರೆದುರು ಡಬ್ಬದ ಮುಚ್ಚಳ ಎಬ್ಬಿಸಿ, ಬ್ರಷ್ಷಿನಲ್ಲಿ ವ್ಯಾನಿನ ಬಲ ಬಾಗಿಲಿಗೆ ಒಂದು ಗೀಟು ಎಳೆಯುತ್ತಾರೆ. ಅದನ್ನು ನೋಡಿ ಜನ ತಮ್ಮ ತಮ್ಮ ಕಾರಿಗೆ ಅದೇ ಬಣ್ಣ ಹೊಡೆಸಲು ಹೆಸರು ಬರೆಸುತ್ತಾರೆ. ನಾನು ಗೇಟಿನ ಕಂಬದ ಹಿಂದೆ ನಿಂತೆ. ಬೂದಿಯ ಡಬ್ಬ ಮೇಜಿನ ಮೇಲಿತ್ತು. ಆಚಾರ್ರು ಒಗೆದ ಬನಿಯನ್ನು ಹಾಕಿಕೊಂಡು ಬಂದರು. ಡಬ್ಬವನ್ನು ಎತ್ತಿ, ತೆಗೆಯದೆ, ಮೇಜಿನ ಕೆಳಗಿಟ್ಟರು.

"ಮೂವತ್ತೊಂದು ವರ್ಷ ನಾನು ಹೇಳಿದ ಬಣ್ಣ ತಪ್ಪಿಲ್ಲ," ಎಂದರು. "ಈ ಸಲ ತಪ್ಪಿದೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಆರು ತಿಂಗಳಿಂದ ನನಗೆ ಅನುಮಾನ ಇತ್ತು. ಪೊರೆ ತೆಗೆಸಿದ್ರೆ ಬಣ್ಣಗಳೆಲ್ಲ ಬೇರೆ ಥರ ಕಾಣ್ತವಂತೆ, ಆಮೇಲೆ ನಾನು ಯಾರು ಅಂತ ಹೆದರಿಕೊಂಡು ಮುಚ್ಚಿಟ್ಟೆ. ಮುಚ್ಚಿಟ್ಟುಕೊಂಡೇ ಚಂಪಕ್ಕನ ಗಾಡಿಗೆ ಕೈ ಹಾಕಿದ್ದೆ. ಅದು ತಪ್ಪು. ನಮ್ಮಪ್ಪನ ತಪ್ಪಿಗಿಂತ ದೊಡ್ಡದು, ಅವರಿಗೆ ತಾವು ತಪ್ಪು ಅಂತ ಗೊತ್ತಿರಲಿಲ್ಲ."

ಕಾಳಮ್ಮನವರು ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅಷ್ಟು ಜನರೆದುರು ಅಷ್ಟು ನೆಟ್ಟಗೆ ನಿಂತ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಬಣ್ಣ ವಾರಿಜಮ್ಮ ಹೇಳ್ತಾರೆ," ಎಂದರು ಅವರು. "ಎಲ್ಲಿದ್ದಾರೆ? ಆ ಕಂಬದ ಹಿಂದೆ ನೋಡಿ, ಅಲ್ಲೇ ಇರ್ತಾರೆ."

"ಆ ಹುಡುಗೀನಾ?" ಬಟ್ಟೆ ಅಂಗಡಿ ಶೇಷಗಿರಿ ಜೋರಾಗಿ ನಕ್ಕ. "ಆಚಾರ್ರೇ, ಅದಕ್ಕೆ ಮಾತೇ ಬರಲ್ಲ. ನಮ್ಮಂಗಡಿಗೆ ಬಂದ್ರೆ ಬಟ್ಟೆ ಕಡೆ ಬೆರಳು ಮಾಡಿ ನಿಲ್ಲುತ್ತೆ!"

"ಬೆರಳು ಮಾಡಿದ್ದನ್ನೇ ತಾನೇ ಆಮೇಲೆ ಊರಿಗೆಲ್ಲ ಮಾರಿದ್ದು ನೀನು?" ಎಂದಳು ಹಿಂದಿನಿಂದ ಯಾರೋ. ಜನ ನಕ್ಕರು. ನಗುವಿನ ನಡುವೆ ನಾನು ಹೇಗೆ ಮೇಜಿನವರೆಗೆ ಬಂದೆನೋ ತಿಳಿಯದು.

ಆಚಾರ್ರು ದೊಡ್ಡ ಡಬ್ಬಕ್ಕೆ ಬಿಳಿ ಸುರಿದರು. "ನನಗೆ ಕಾಣಲ್ಲ, ನಿನಗೆ ಕಲಸೋದು ಗೊತ್ತಿಲ್ಲ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. "ನೀನು ಕಂಡದ್ದು ಹೇಳು, ಸಾಕು." ಚಮಚದ ತುದಿಯಲ್ಲಿ ನೀಲಿ ಹಾಕಿ ಕೋಲಿನಿಂದ ತಿರುವಿದರು.

"ಇನ್ನೂ ಹಾಲಿನ ಥರ ಇದೆ."

ಇನ್ನೊಂದು ಚಮಚ. "ಈಗ?"

"ಈಗ ಆಕಾಶ. ಇದಲ್ಲ. ಆಕಾಶ ಬೇರೆ, ಪಂಚೆ ಬೇರೆ."

"ಜಾಸ್ತಿ ಆಯ್ತಾ?"

"ಜಾಸ್ತಿ ಆಗಿಲ್ಲ. ಪಂಚೆಯ ಮಡಿಕೆ ಒಳಗಡೆ ಒಂಚೂರು... ನೇರಳೆ ಸುಳಿದ ಹಾಗೆ ಇರುತ್ತಲ್ಲ."

ಆಚಾರ್ರು ಕಿರುಬೆರಳಿನ ಉಗುರನ್ನು ಕೆಂಪಿನ ಡಬ್ಬದಲ್ಲಿ ಅದ್ದಿದರು. ಉಗುರಿನ ತುದಿಯಿಂದ ಒಂದೇ ಒಂದು ತೊಟ್ಟು. ಅಷ್ಟು ದೊಡ್ಡ ಡಬ್ಬಕ್ಕೆ ಅಷ್ಟೇ. ಕೋಲು ತಿರುಗುವಾಗ ಕೆಂಪು ನೂಲಿನಂತೆ ಎಳೆದುಕೊಂಡು ಹೋಯಿತು, ತೆಳುವಾಯಿತು, ಇಲ್ಲವಾಯಿತು. ಅದು ಇಲ್ಲವಾದ ಜಾಗದಿಂದ ಬಣ್ಣ ಎದ್ದು ಬಂತು. ಅಗಸರು ಹಿಂಡಿ, ಒದರಿ, ಆಗಷ್ಟೇ ತಂತಿಗೆ ಹಾಕಿದಂತೆ. ಕಾಣದ ಕಣ್ಣಿನ ಮನುಷ್ಯ ನನ್ನ ತಡವರಿಸುವ ನಾಲ್ಕು ಮಾತು ಕೇಳಿ ಅದನ್ನು ಮಾಡಿದ್ದರು.

"ಇದೇ," ಎಂದೆ. ಎಲ್ಲರಿಗೂ ಕೇಳಿಸಿತು.

ಆದರೆ ಬ್ರಷ್ ಎತ್ತುವ ಮೊದಲು ಆಚಾರ್ರು ಚಂಪಕ್ಕನ ಕಡೆ ತಿರುಗಿದರು. "ಕಾಲು ನಿಂದು. ನೀನು ಬೇಡ ಅಂದ್ರೆ ಬೇಡ. ಬೂದಿನೇ ಹೊಡೀತೀನಿ."

ಚಂಪಕ್ಕ ಅವತ್ತು ನಗಲಿಲ್ಲ. ನನ್ನ ಗಲ್ಲ ಹಿಡಿದು ಮೇಲೆತ್ತಿದಳು. "ನನ್ನ ಮುಖ ನೋಡಿ ಹೇಳೇ ವಾರಿ. ಖಂಡಿತಾನಾ?"

ನೋಡಿದೆ. ಹುಬ್ಬಿನ ಹತ್ತಿರ ಸಣ್ಣ ಗಾಯದ ಕಲೆ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಇಷ್ಟು ದಿನದಲ್ಲಿ ಅವಳ ಪಾದ, ಸೆರಗು, ಬಳೆ ಎಲ್ಲ ನೋಡಿದ್ದೆ, ಇದನ್ನು ನೋಡಿರಲಿ‍ಲ್ಲ. "ಖಂಡಿತ ಅಂತ ಗೊತ್ತಿಲ್ಲ ಅಕ್ಕ," ಎಂದೆ. "ಆದ್ರೆ ಎರಡು ತಿಂಗಳು ದಿನಾ ಕಂಡಿದೆ."

"ಹೊಡೀರಿ ಆಚಾರ್ರೇ," ಎಂದಳು ಅವಳು.

ಆ ದಿನದ ಪುಟದಲ್ಲಿ ಬಣ್ಣದ ಹೆಸರು ಬರೆಯಲಿಲ್ಲ. 'ಆಚಾರ್ರು' ಎಂದು ಬರೆದೆ, ಮುಂದೆ ತೋಚಲಿಲ್ಲ.

ಊರಿನವರು ಹುಷಾರು. ಹದಿನೇಳು ಕಾರಿನವರು ಮಾತ್ರ ನೀಲಿ ಹಾಕಿದ ಬಿಳಿ ಹೊಡೆಸಿದರು, ಉಳಿದವರು ನೋಡೋಣ ಎಂದರು. ನಾಲ್ಕೈದು ಜನ ಪಕ್ಕದ ಬೀದಿಯ ಶೆಡ್ಡಿಗೆ ಹೋಗಿ ಬೂದಿ ಹೊಡೆಸಿದರು, ಶೇಷಗಿರಿಯೂ ಒಬ್ಬ. ಆರು ದಿನ ಏನೂ ಆಗಲಿಲ್ಲ. ಆರು ದಿನವೂ ಸೈರನ್ ಕೇಳಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಬೆಳಿಗ್ಗೆ ನಡಿಗೆಗೆ ಈಗ ನಾನು ಮುಂದೆ, ಆಚಾರ್ರು ಹಿಂದೆ.

ಏಳನೇ ದಿನ ಮಾರ್ಕೆಟ್ಟಿನ ತಿರುವಿನಲ್ಲಿದ್ದೆವು. ನಾನು ನೋಡುತ್ತಿದ್ದಂತೆಯೇ ಬೀದಿ ಅಗಲವಾಯಿತು. ಎರಡೂ ಬದಿಯಲ್ಲಿ ನಿಂತಿದ್ದ ಮೆಂತ್ಯದ ಬಣ್ಣದ ಕಾರುಗಳು ಒಂದೊಂದಾಗಿ ಗೋಡೆಗಳಿಗೆ ಜಾಗ ಬಿಟ್ಟುಕೊಟ್ಟವು. ಬಟ್ಟೆ ಅಂಗಡಿಯ ಮುಂದಿದ್ದ ಬೂದಿಯ ಕಾರೂ ಹೋಯಿತು. ಜನ ನಿಂತಲ್ಲೇ ನಿಂತರು, ಯಾರೋ "ಸುಣ್ಣ ತನ್ನಿ, ಸುಣ್ಣ!" ಎಂದು ಕೂಗಿದರು. ಔಷಧಿ ಅಂಗಡಿಯ ಮುಂದೆ ಒಂದು ಕಾರು ಉಳಿದಿತ್ತು, ಒಗೆದ ಪಂಚೆಯಂತೆ. ಅದು ಕಾಣುತ್ತಿರುವುದು ನಿಜವಾಗಿಯೋ ಅಥವಾ ನಾನು ಎರಡು ತಿಂಗಳು ಅದನ್ನೇ ಬರೆದೂ ಬರೆದೂ ನನ್ನ ಕಣ್ಣಿಗೆ ಮಾತ್ರ ಅಂಟಿಕೊಂಡಿದೆಯೋ ತಿಳಿಯಲಿಲ್ಲ.

"ತಿರುಗಿತಾ?" ಎಂದರು ಆಚಾರ್ರು.

ಅಷ್ಟರಲ್ಲಿ ಸೈರನ್. ಹಳೇ ಆಸ್ಪತ್ರೆಯ ಇಳಿಜಾರಿನಿಂದ, ಜೋರಾಗಿ, ನಮ್ಮ ಕಡೆಗೇ. ಆಚಾರ್ರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಪುಟ್ಟಿಯ ಮೇಲೆ ಸವರುವಾಗಿನ ಅದೇ ಅಂಗೈ. ತಿರುವಿನಲ್ಲಿ ವ್ಯಾನು ಕಂಡಿತು. ಅರ್ಧ ವ್ಯಾನು. ಎಡಗಡೆ ಏನೂ ಇಲ್ಲ, ಬಲಗಡೆ ನೀಲಿ ಹಾಕಿದ ಬಿಳಿ, ಕಿಟಕಿಯಲ್ಲಿ ಚಂಪಕ್ಕನ ಮೊಣಕೈ. ನನಗೆ ಕಂಡಿತು. ಆದರೆ ನನ್ನ ಕಣ್ಣನ್ನು ನಾನು ಆ ಗಳಿಗೆಯಲ್ಲಿ ನಂಬಲಿಲ್ಲ. ನಡುರಸ್ತೆಯಲ್ಲಿ ಬಾಳೆಹಣ್ಣಿನ ತಳ್ಳುಗಾಡಿಯವನೊಬ್ಬ ಬೆನ್ನು ಹಾಕಿಕೊಂಡು ನಿಂತಿದ್ದ. ಅವನನ್ನು ನೋಡಿದೆ. ಅವನು ತಿರುಗಿದ. ಗಾಡಿಯ ಹಿಡಿಗೆ ಎದೆಕೊಟ್ಟು ಎಡಕ್ಕೆ ನೂಕಿದ, ಪೂರ್ತಿ ವ್ಯಾನಿಗೆ ಬೇಕಾದಷ್ಟು ದಾರಿ ಬಿಟ್ಟ. ಒಂದು ಚಿಪ್ಪು ಹಣ್ಣು ಕೆಳಗೆ ಉರುಳಿತು. ಅವನ ಹಿಂದೆ ಇಡೀ ಬೀದಿ ಎರಡಾಗಿ ಸರಿಯಿತು. ಸೊಪ್ಪಿನವರು, ಸೈಕಲ್ಲಿನವರು, ಕೊಡೆ ಹಿಡಿದ ಮುದುಕಿ.

ಚಕ್ರಗಳ, ಚಪ್ಪಲಿಗಳ ಸದ್ದಿಗೆ ಆಚಾರ್ರು ಕಿವಿಗೊಟ್ಟು ನಿಂತಿದ್ದರು. ವ್ಯಾನಿನ ಗಾಳಿ ನಮ್ಮ ಬಟ್ಟೆಗೆ ತಾಗಿ ದಾಟಿತು. ತಳ್ಳುಗಾಡಿಯವನು ಉರುಳಿದ ಹಣ್ಣು ಎತ್ತಿಕೊಳ್ಳುತ್ತ ಅದರ ಹಿಂದೆ ಕೈ ಬೀಸಿ ಕೂಗಿದ: "ಏ ಚಂಪಕ್ಕಾ! ಇಷ್ಟು ಜೋರಾಗಿ ಬಂದ್ರೆ ಹೆಂಗೆ, ಕಣ್ಣು ಕಾಣಲ್ವಾ ನಿಂಗೆ?"

ಕಿಟಕಿಯಿಂದ ಅವಳ ದನಿ ಬಂತು, ಸೈರನ್ನಿಗಿಂತ ಮೇಲೆ: "ನಾನು ನಿಂಗೆ ಕಂಡ್ನಾ ಇಲ್ವಾ, ಅದು ಹೇಳು!"

"ಕಾಣದೆ ಏನು!" ಎಂದ ಅವನು, ಸಿಟ್ಟಿನಿಂದ.

ಆಚಾರ್ರು ನನ್ನ ಕೈ ಬಿಟ್ಟರು.